ಕಂಪ್ಯೂಟರಿನ ಕೀಲಿಕೈ ಯಾರ ಕೈಯಲ್ಲಿ?



ಮನೆಗೆ ಬೀಗರು ಬರುತ್ತಾರೆ. ಪಡಸಾಲೆಯಲ್ಲಿ ಕೂಡ್ರುತ್ತಾರೆ. ಚಹಾ ಕುಡೀತಾರೆ. ಆದರೆ ತಿಜೋರಿಯ ಕೀಲಿಕೈ ಅವರ ಕೈಗೆ ಕೊಡ್ತೀವೇನು? ಇಲ್ಲ.

ಕಂಪ್ಯೂಟರಿಗೂ ಇಂಥ ಕೀಲಿಕೈ ಇದೆ. ಗದಗ-ಬೆಟಗೇರಿಯ ಛಾಪಖಾನೆಗಳಲ್ಲಿ ಕಂಪ್ಯೂಟರ್ ಇವೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಚೇರಿಗಳಲ್ಲೂ ಇವೆ. ಮಹಿಳಾ ಸಂಘದ ಲೆಕ್ಕವನ್ನೂ ಅದರಲ್ಲಿ ಬರೆಯಬಹುದು.

ಕಂಪ್ಯೂಟರಿಗೆ ಕೆಲಸ ಹೇಳಿಕೊಡುವುದು ತಂತ್ರಾಂಶ. ಇದಕ್ಕೇ ಸಾಫ್ಟ್‌ವೇರ್ ಅಂತಾರೆ. ಕನ್ನಡ ಬರೆಯಲು 'ನುಡಿ', 'ಬರಹ' ಎಂಬ ತಂತ್ರಾಂಶಗಳಿವೆ. ಹೊಸ ತಂತ್ರಾಂಶ ಹಾಕುವುದೆಂದರೆ ಮನೆಯೊಳಗೆ ಹೊಸ ಆಳನ್ನು ಬಿಟ್ಟುಕೊಂಡಂತೆ. ಆಳು ಒಳ್ಳೆಯವನಾದರೆ ಕೆಲಸ ಹಗುರ. ಕಳ್ಳನಾದರೆ ಸಂಘದ ಲೆಕ್ಕ, ಬ್ಯಾಂಕಿನ ಗುಟ್ಟು ಎಲ್ಲಾ ಅವನ ಪಾಲು. ಆದ್ದರಿಂದ ಹೊಸದನ್ನು ಹಾಕುವ ಅಧಿಕಾರ ಕೆಲವರಿಗೇ ಇರಬೇಕು. ಅಂಥವರಿಗೆ 'ಅಡ್ಮಿನ್' ಎನ್ನುತ್ತಾರೆ.

ಎಲ್ಲ ಕಂಪ್ಯೂಟರ್ ಒಂದೇ ರೀತಿ ಇರುವುದಿಲ್ಲ.

ವಿಂಡೋಸ್: ಹೊಸದನ್ನು ಹಾಕುವಾಗ ಪರದೆ ಮಬ್ಬಾಗುತ್ತದೆ. "ಹೌದೋ, ಇಲ್ಲವೋ?" ಎಂದು ಕೇಳುತ್ತದೆ. ಅಡ್ಮಿನ್ ಆದರೆ 'ಹೌದು' ಒತ್ತಿದರೆ ಸಾಕು. ಬೇರೆಯವರಾದರೆ ಅಡ್ಮಿನ್ನರ ಗುಪ್ತಪದ ಬೇಕು. ಹೀಗೆ ಕೇಳುವ ಪದ್ಧತಿ 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದಿಂದ ಶುರುವಾಯಿತು.

ಉಬುಂಟು: ಇದು ಲಿನಕ್ಸ್ ಬಳಗದ್ದು. 2004ರಲ್ಲಿ ಬಂತು. ರೊಕ್ಕ ಕೊಡಬೇಕಿಲ್ಲ. ಇಲ್ಲಿ ಅಡ್ಮಿನ್ ಆದರೂ ಸಾಮಾನ್ಯವಾಗಿ ಗುಪ್ತಪದ ಬರೆಯಬೇಕು. ಬಹಳಷ್ಟು ತಂತ್ರಾಂಶ ಅದರದೇ ಭಂಡಾರದಲ್ಲಿ ಸಿಗುತ್ತವೆ. ಗುರುತಿನ ಅಂಗಡಿಯಲ್ಲಿ ಸಾಮಾನು ತಂದ ಹಾಗೆ.

ಮ್ಯಾಕ್: ಇದು ಆ್ಯಪಲ್ ಕಂಪನಿಯದು. ಇಲ್ಲಿಯೂ ಅನೇಕ ತಂತ್ರಾಂಶಗಳಿಗೆ ಅಡ್ಮಿನ್ನರ ಗುಪ್ತಪದ ಕೇಳುತ್ತದೆ.

ಆದರೆ ಕಂಪ್ಯೂಟರ್ ಬರೀ ಕೇಳುತ್ತದೆ. ಉತ್ತರ ಕೊಡುವವರು ನಾವೇ. ಮೇಲಾಗಿ, ಕೆಲವು ತಂತ್ರಾಂಶ ಅಡ್ಮಿನ್ ಅನುಮತಿ ಇಲ್ಲದೆಯೂ ನಡೆಯುತ್ತವೆ. ಹಾಗಾಗಿ ನಾವೇ ಎಚ್ಚರ ಇರಬೇಕು.

"ಬ್ಯಾಂಕಿನಿಂದ ಮಾತಾಡ್ತೀವ್ರಿ ಅಕ್ಕಾರ, ಇದೊಂದು ತಂತ್ರಾಂಶ ಹಾಕ್ಕೊಳ್ರಿ" ಎಂದು ಯಾರೋ ಫೋನ್ ಮಾಡಬಹುದು. ಹಾಕಿಕೊಂಡರೆ, ಅವರು ದೂರದಲ್ಲೇ ಕುಳಿತು ನಮ್ಮ ಕಂಪ್ಯೂಟರ್ ನಡೆಸಬಹುದು. "ಒಲ್ಲೆವು" ಎಂದು ಫೋನ್ ಇಟ್ಟುಬಿಡೋಣ. ರೊಕ್ಕ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡೋಣ.

ನಾವು ಹೀಗೆ ಮಾಡೋಣ:

ದಿನದ ಕೆಲಸಕ್ಕೆ ಸಾದಾ ಖಾತೆ ಬಳಸೋಣ.

ಅಡ್ಮಿನ್ ಗುಪ್ತಪದ ಗೋಡೆಯ ಮೇಲೆ ಬರೆಯುವುದು ಬೇಡ.

'ಹೌದು' ಒತ್ತುವ ಮೊದಲು ಮೂರು ಮಾತು ಕೇಳೋಣ. ಇದು ಏನು? ಎಲ್ಲಿಂದ ಬಂತು? ಯಾರು ಹಾಕು ಅಂದರು?

ಉತ್ತರ ತಿಳಿಯದಿದ್ದರೆ 'ಇಲ್ಲ' ಒತ್ತೋಣ. ಬಲ್ಲವರನ್ನು ಕೇಳಿ ನಾಳೆ ಹಾಕಿದರಾಯ್ತು. ಈಗ ನಮಗೆ ಓದಲು ಬರುತ್ತದೆ. ಓದದೆ ಒತ್ತುವುದು ಬೇಡ.