ಅಷ್ಟೂರದ ಗುಮ್ಮಟದಲ್ಲಿ ಎರಡು ಬಗೆಯ ಹೂವು

ಬೀದರಿಗೆ ಬಂದವರು ಕೋಟೆ ನೋಡುತ್ತಾರೆ, ಮಹಮೂದ್ ಗಾವಾನನ ಮದರಸಾ ನೋಡುತ್ತಾರೆ, ಬಿದರಿ ಅಂಗಡಿಯಲ್ಲಿ ಏನಾದರೊಂದು ಕೊಂಡು ಬಸ್ಸು ಹತ್ತುತ್ತಾರೆ. ಊರಿನ ಪೂರ್ವಕ್ಕೆ ಮೂರು ಕಿಲೋಮೀಟರಿನಷ್ಟು ದೂರದಲ್ಲಿರುವ ಅಷ್ಟೂರದವರೆಗೆ ಹೋಗುವವರು ಕಡಿಮೆ. ಅಲ್ಲಿ ಹೊಲಗಳ ನಡುವೆ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಒಂಬತ್ತನೆಯ ಸುಲ್ತಾನ ಅಹ್ಮದ್ ಷಾ ವಲಿಯ ಗುಮ್ಮಟದೊಳಗೆ ಕಾಲಿಟ್ಟರೆ ಮೊದಲು ಕಾಣುವುದು ಕತ್ತಲೆ ಮಾತ್ರ. ಬಾಗಿಲಲ್ಲಿ ಒಬ್ಬರು ಕನ್ನಡಿ ಹಿಡಿದು ಹೊರಗಿನ ಬಿಸಿಲನ್ನು ಒಳಕ್ಕೆ ತಿರುಗಿಸಿದಾಗ ಗೋಡೆಯ ಮೇಲೆ ಹೂವು ಅರಳುತ್ತವೆ. ಕೆಂಪು, ನೀಲಿ, ಹೊನ್ನಿನ ಬಣ್ಣದ ಹೂವು, ಎಲೆ, ಬಳ್ಳಿ. ಕನ್ನಡಿ ಸರಿದಂತೆ ಅವೂ ಸರಿದು ಗುಮ್ಮಟದ ನೆತ್ತಿಯವರೆಗೆ ಹೋಗುತ್ತವೆ.

ಗೋರಿಯ ಒಳಗೆ ಇಷ್ಟೊಂದು ಹೂವು ಏಕೆ? ಪ್ರಾರ್ಥನೆಯ ಜಾಗದಲ್ಲಿ, ಸಮಾಧಿಯ ಜಾಗದಲ್ಲಿ ಮನುಷ್ಯರ, ಪ್ರಾಣಿಗಳ ರೂಪ ಬರೆಯುವುದನ್ನು ಇಸ್ಲಾಮೀ ಸಂಪ್ರದಾಯ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗಾಗಿ ಕಲಾವಿದನ ಕೈಗೆ ಉಳಿದದ್ದು ಅಕ್ಷರ, ರೇಖಾವಿನ್ಯಾಸ ಮತ್ತು ಹೂವು. ಕುರಾನಿನಲ್ಲಿ ಸ್ವರ್ಗದ ವರ್ಣನೆ ಬರುವುದೇ ಕೆಳಗೆ ನೀರು ಹರಿಯುವ ತೋಟವಾಗಿ. ಸತ್ತವನ ಸುತ್ತ ತೋಟ ಬರೆಯುವುದೆಂದರೆ ಅವನನ್ನು ಎಲ್ಲಿಗೆ ಕಳಿಸಿದ್ದೇವೆ ಎಂದು ಹೇಳುವುದು. ಈ ತೋಟವನ್ನು ಬರೆದವನು ಇರಾನಿನ ಕಜ್ವೀನ್ ಊರಿನ ಶುಕ್ರುಲ್ಲಾ. ಅವನ ಹೆಸರು ಗೋಡೆಯ ಬರಹದಲ್ಲೇ ಉಳಿದಿದೆ. ಹೂವುಗಳ ನಡುವೆ ಕಿರ್ಮಾನಿನ ಸೂಫಿ ಶಾ ನಿಯಾಮತುಲ್ಲಾನ ಗುರುಪರಂಪರೆಯನ್ನೂ ಹೊನ್ನಿನ ಅಕ್ಷರದಲ್ಲಿ ಬರೆದಿದ್ದಾರೆ. ಅಹ್ಮದ್ ಷಾ ಆತನ ಭಕ್ತನಾಗಿದ್ದ.

ಇನ್ನು ಕೆಳಗೆ ನೋಡಬೇಕು. ಗೋರಿಯ ಮೇಲೆ ಇನ್ನೊಂದು ಬಗೆಯ ಹೂವಿದೆ. ಬೆಳಿಗ್ಗೆ ತಂದು ಹಾಕಿದ್ದು, ಸಂಜೆಗೆ ಬಾಡುವಂಥದು.

ಅಹ್ಮದ್ ಷಾ 1422ರಿಂದ 1436ರವರೆಗೆ ಆಳಿದ. ಗುಲಬರ್ಗಾದಿಂದ ರಾಜಧಾನಿಯನ್ನು ಬೀದರಿಗೆ ತಂದವನು ಅವನೇ. ಬರಗಾಲದಲ್ಲಿ ಬಯಲಿಗೆ ಹೋಗಿ ಅವನು ಪ್ರಾರ್ಥಿಸಿದಾಗ ಮಳೆ ಬಂತಂತೆ, ಅದಕ್ಕೇ ಜನ ಅವನನ್ನು ‘ವಲಿ’, ಅಂದರೆ ಸಂತ, ಎಂದು ಕರೆದರಂತೆ. ಇತಿಹಾಸಕಾರ ಫಿರಿಶ್ತಾ ಹೇಳುವ ಕಥೆ ಇದು. ಯುದ್ಧಗಳಲ್ಲಿ ಈ ಸುಲ್ತಾನ ಮೃದುವಾಗಿರಲಿಲ್ಲ ಎನ್ನುವುದನ್ನೂ ಅದೇ ಫಿರಿಶ್ತಾ ಬರೆದಿದ್ದಾನೆ. ಆದರೆ ಈ ಸೀಮೆಯ ರೈತರ ನೆನಪಿನಲ್ಲಿ ಉಳಿದದ್ದು ಮಳೆ. ಮುಸಲ್ಮಾನರಿಗೆ ಅವನು ವಲಿಯಾದರೆ ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು. ಹನ್ನೆರಡನೆಯ ಶತಮಾನದ ಅಲ್ಲಮ ಹದಿನೈದನೆಯ ಶತಮಾನದ ಸುಲ್ತಾನನಾದದ್ದು ಹೇಗೆ ಎಂದು ಕೇಳಿದರೆ ಇತಿಹಾಸದ ಪುಸ್ತಕದಲ್ಲಿ ಉತ್ತರ ಸಿಗದು. ಜಾತ್ರೆಯಲ್ಲಿ ಸಿಗುತ್ತದೆ. ಉರುಸುಗಳು ಸಾಮಾನ್ಯವಾಗಿ ಹಿಜರಿ ತಿಥಿಯಂತೆ ನಡೆದರೆ, ಇಲ್ಲಿಯ ಉರುಸಿನ ದಿನವನ್ನು ಹೋಳಿ ಹುಣ್ಣಿಮೆಯಿಂದ ಎಣಿಸುತ್ತಾರೆ. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಪರಿವಾರದೊಂದಿಗೆ ಬರುತ್ತಾರೆ. ಶಂಖ ಊದಿ, ಕಾಯಿ ಒಡೆದು, ಗೋರಿಗೆ ಹೂವು ಏರಿಸುತ್ತಾರೆ.

ಎರಡೂ ಕಡೆ ಇದನ್ನು ಒಪ್ಪದವರು ಇದ್ದಾರೆ. ಗೋರಿಗೆ ಹೂವು ಹಾಕುವುದೇ ಧರ್ಮಕ್ಕೆ ಹೊರತು ಎನ್ನುವ ಮೌಲ್ವಿಗಳುಂಟು. ಅಲ್ಲಮನಾದರೋ ಹೊರಗಿನ ಪೂಜೆಯನ್ನು ಜೀವನವಿಡೀ ಪ್ರಶ್ನಿಸಿದವನು. ಅವನ ಕಥೆಯನ್ನು ‘ಪ್ರಭುಲಿಂಗಲೀಲೆ’ಯಲ್ಲಿ ಹೇಳಿದ ಚಾಮರಸ ಬಾಳಿದ್ದು ಸರಿಸುಮಾರು ಅಹ್ಮದ್ ಷಾನ ಕಾಲದಲ್ಲೇ, ಬಹಮನಿಗಳ ಎದುರಾಳಿಯಾದ ವಿಜಯನಗರದ ಪ್ರೌಢದೇವರಾಯನ ಆಶ್ರಯದಲ್ಲಿ. ಆ ಕಾವ್ಯದಲ್ಲಿ ಗೊಗ್ಗಯ್ಯನೆಂಬ ತೋಟಿಗ ಬರುತ್ತಾನೆ. ಮಣ್ಣು ಅಗೆದು ಗಿಡ ಬೆಳೆಸುವ ಅವನಿಗೆ ಅಲ್ಲಮ ತಿಳಿಸುವುದು ಒಳಗಿನ ತೋಟದ ವಿಚಾರ. ಅಲ್ಲಿ ಒಳಗಿನ ತೋಟ, ಇಲ್ಲಿ ಗೋರಿಯೊಳಗಿನ ತೋಟ. ಎರಡೂ ಹೆಚ್ಚುಕಡಿಮೆ ಒಂದೇ ಕಾಲದ್ದು ಎಂದು ತಿಳಿದಾಗ ಈ ಲೇಖಕನಿಗೆ ಅಚ್ಚರಿಯಾಯಿತು.

ಏರಿಸುವ ಹೂವಿನಲ್ಲೂ ಚರಿತ್ರೆಯಿದೆ. ಇಂದು ಜಾತ್ರೆ, ಹಬ್ಬ ಎಂದರೆ ಚೆಂಡುಹೂವು ಬೇಕೇ ಬೇಕು. ಅಹ್ಮದ್ ಷಾ ಅದನ್ನು ಕಂಡವನಲ್ಲ, ಅಲ್ಲಮನಂತೂ ಅಲ್ಲವೇ ಅಲ್ಲ. ಅದರ ತವರು ಮೆಕ್ಸಿಕೊ; ನಮ್ಮ ದೇಶಕ್ಕೆ ಬಂದದ್ದು ಪೋರ್ಚುಗೀಸರು ಬಂದ ಮೇಲೆ. ಗುಲಾಬಿಯ ಹೆಸರು ಪಾರಸಿಯದು: ‘ಗುಲ್’ ಎಂದರೆ ಹೂವು, ‘ಆಬ್’ ಎಂದರೆ ನೀರು. ಪನ್ನೀರಿನ ಹೆಸರೇ ಹೂವಿಗೂ ಬಂತು. ಮಲ್ಲಿಗೆ ಮಾತ್ರ ಹಳೆಯ ನಂಟಿನದು. ಮೂರೂ ಒಂದೇ ಬುಟ್ಟಿಯಲ್ಲಿ ಬರುತ್ತವೆ. ಬೀದರಿನ ಬಿದರಿ ಕೆಲಸದವರೂ ಹೂಬಳ್ಳಿಯನ್ನೇ ಕೊರೆಯುತ್ತಾರೆ. ಕೋಟೆಯ ಮಣ್ಣಿನಿಂದ ಕಪ್ಪಾದ ಲೋಹದ ಮೇಲೆ ಬೆಳ್ಳಿಯ ಹೂವು ಹೊಳೆಯುವುದನ್ನು ನೋಡಿದರೆ ಅಷ್ಟೂರದ ಕತ್ತಲೆ ನೆನಪಾಗುತ್ತದೆ.

ಈಗ ಚಿಂತೆಯ ಮಾತು. ಬಾಡಬಾರದೆಂದು ಬರೆದ ಹೂವುಗಳೇ ಮಸುಕಾಗುತ್ತಿವೆ. ಸುಮಾರು 590 ವರ್ಷಗಳ ಮಳೆಗಾಲದ ತೇವ, ಧೂಳು ಅವುಗಳ ಮೇಲೆ ಹಾದುಹೋಗಿವೆ. ಗುಮ್ಮಟಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಗುಲಾಮ್ ಯಜ್ದಾನಿ 1947ರಲ್ಲಿ ಪ್ರಕಟಿಸಿದ ಬೀದರಿನ ಸ್ಮಾರಕಗಳ ಗ್ರಂಥದಲ್ಲಿ ಈ ಚಿತ್ರಗಳ ವಿವರವೂ ದಾಖಲಾಗಿದೆ. ಆದರೆ ಉದುರಿದ ಬಣ್ಣವನ್ನು ಮತ್ತೆ ಬಳಿದರೆ ಅದು ಶುಕ್ರುಲ್ಲಾನ ಹೂವಾಗಿ ಉಳಿಯುವುದಿಲ್ಲ. ಇದ್ದದ್ದನ್ನು ಇದ್ದಂತೆ ಕಾಯುವುದೊಂದೇ ದಾರಿ. ಗೋರಿಯ ಮೇಲಿನ ಹೂವಿಗೆ ಆ ತೊಂದರೆಯಿಲ್ಲ. ನಿನ್ನೆಯದನ್ನು ತೆಗೆದು ಇಂದಿನದನ್ನು ಹಾಕುತ್ತಾರೆ, ಅಷ್ಟೇ.

ನೋಡಬೇಕೆನ್ನುವವರು ಮೋಡವಿಲ್ಲದ ದಿನ ಹೋಗುವುದು ಲೇಸು. ಬಿಸಿಲಿಲ್ಲದಿದ್ದರೆ ಕನ್ನಡಿಗೆ ಕೆಲಸವಿಲ್ಲ.