ಆಟಿಯಲ್ಲಿ ಹೊಸ ಪಾಠ: ಮದುವೆ ವಿಡಿಯೋದವರ ಮಂಡೆಬಿಸಿ

ಆಟಿ ಬಂತೆಂದರೆ ನಮ್ಮ ಕಡೆ ಮದುವೆ ಹಾಲ್‌ಗಳಿಗೆ ಬೀಗ. ಅಡುಗೆ ಭಟ್ರಿಗೆ ಪುರುಸೊತ್ತು, ಹೂವಿನವರಿಗೆ ಪುರುಸೊತ್ತು, ವಾಲಗದವರಿಗೂ ಪುರುಸೊತ್ತು. ವಿಡಿಯೋದವರಿಗೆ ಮಾತ್ರ ಇಲ್ಲ. ಉಡುಪಿಯಲ್ಲಿ, ಕಾಪು ಪೇಟೆಯಲ್ಲಿ, ಕಾರ್ಕಳದಲ್ಲಿ ಮಾಳಿಗೆಯ ಮೇಲೆ ಸ್ಟುಡಿಯೋ ಇಟ್ಟವರಿದ್ದಾರಲ್ಲ, ಅಲ್ಲಿಗೊಮ್ಮೆ ಮಳೆಗಾಲದಲ್ಲಿ ಹತ್ತಿ ನೋಡಿ. ಎಪ್ರಿಲ್-ಮೇ ತಿಂಗಳ ಮದುವೆಗಳ ಬಾಕಿ ಒಂದು ಕಡೆ. ಇನ್ನೊಂದು ಕಡೆ, ಕಂಪ್ಯೂಟರಿನ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂತ ಯಜಮಾನ. ಎಂತ ಅಂತ ಕೇಳಿದರೆ, ಸಾಫ್ಟ್‌ವೇರ್ ಬದಲಾಗಿದೆ ಮಾರಾಯ್ರೆ, ಬಟನ್ ಎಲ್ಲಿ ಉಂಟೆಂದೇ ಗೊತ್ತಾಗುವುದಿಲ್ಲ!

ಸೀಸನ್ ನಡುವೆ ಅಪ್‌ಡೇಟ್ ಒತ್ತಬಾರದು ಎಂಬುದು ಈ ಕಸುಬಿನವರ ಅಲಿಖಿತ ಕಾನೂನು. ಒತ್ತುವುದಿದ್ದರೆ ಆಟಿಯಲ್ಲೇ ಒತ್ತಬೇಕು. ಎಡವಿ ಬಿದ್ದರೂ ನೋಡುವವರಿಲ್ಲ.

ಅಂಗಡಿ ಇಟ್ಟವರಿಗೆ ಈ ಸಂಕಟ ಬೇಗ ಅರ್ಥವಾದೀತು. ಇಪ್ಪತ್ತು ವರ್ಷದಿಂದ ದಿನಸಿ ಅಂಗಡಿ ನಡೆಸಿದವರ ಕೈ ನೋಡದೆಯೇ ಬೆಲ್ಲದ ಡಬ್ಬಿಗೆ ಹೋಗುತ್ತದೆ. ರಾತ್ರಿ ಯಾರೋ ಬಂದು, ನಿಮಗೆ ಒಳ್ಳೆಯದಾಗಲೆಂದೇ, ಇಡೀ ಅಂಗಡಿಯ ರ‍್ಯಾಕ್ ಬದಲಾಯಿಸಿ ಹೋದರೆ ಹೇಗೆ? ಬೆಳಿಗ್ಗೆ ಗಿರಾಕಿ ನಿಂತಿದ್ದಾರೆ, ನೀವು ಬೆಲ್ಲ ಹುಡುಕುತ್ತಿದ್ದೀರಿ. ಎಡಿಟರ ಕೈಗೂ ಅಂಥದ್ದೇ ಅಭ್ಯಾಸ. ಜೆ ಒತ್ತಿದರೆ ಹಿಂದೆ, ಕೆ ಒತ್ತಿದರೆ ನಿಲುಗಡೆ, ಎಲ್ ಒತ್ತಿದರೆ ಮುಂದೆ. ಮೇಲಿನ ಸಾಲಿನಲ್ಲಿ ಚಿತ್ರ, ಕೆಳಗಿನ ಸಾಲುಗಳಲ್ಲಿ ಒಂದರಲ್ಲಿ ಭಟ್ರ ಮಂತ್ರ, ಮತ್ತೊಂದರಲ್ಲಿ ನಾಗಸ್ವರ, ಮಗದೊಂದರಲ್ಲಿ ಸಿನೆಮಾ ಹಾಡು. ಬೆರಳು ತಾನಾಗಿ ಓಡುತ್ತದೆ.

ವಿ.ಎಚ್.ಎಸ್. ಕಾಲದವರಾದರೆ ಇದಕ್ಕಿಂತ ದೊಡ್ಡ ಕಷ್ಟ ಕಂಡವರು. ಎರಡು ವಿ.ಸಿ.ಆರ್. ಇಟ್ಟು ಒಂದರಿಂದ ಇನ್ನೊಂದಕ್ಕೆ ಇಳಿಸುವುದು. ಎಲ್ಲ ಮುಗಿದ ಮೇಲೆ "ನಡುವೆ ದೊಡ್ಡ ಮಾವನನ್ನು ಬಿಟ್ಟಿದ್ದೀರಿ" ಎಂದು ಮದುವೆ ಮನೆಯಿಂದ ತಕರಾರು ಬಂದರೆ ಅಲ್ಲಿಂದ ಮುಂದಿನದ್ದೆಲ್ಲ ಪುನಃ ಇಳಿಸಬೇಕು. ಕಂಪ್ಯೂಟರ್ ಬಂದ ಮೇಲೆ ಮಾವನನ್ನು ಎಲ್ಲಿ ಬೇಕಾದರೂ ಸೇರಿಸಬಹುದಾಯಿತು. ಅಡೋಬಿಯ ಪ್ರೀಮಿಯರ್ ಮೊದಲು ಬಂದದ್ದು 1991ರಲ್ಲಿ, ಆಪಲ್‌ನ ಫೈನಲ್ ಕಟ್ ಪ್ರೊ 1999ರಲ್ಲಿ. ನಮ್ಮಲ್ಲಿ ಹೆಚ್ಚು ಕಾಣುವುದು ವಿಂಡೋಸ್ ಯಂತ್ರ, ಅದರಲ್ಲಿ ಎಡಿಯಸ್ ಅಥವಾ ಪ್ರೀಮಿಯರ್. ಹಣ ಹಾಕಿ ಮ್ಯಾಕ್ ಇಟ್ಟು ಫೈನಲ್ ಕಟ್ ಕಲಿತವರು ಬೆರಳೆಣಿಕೆ. ಪೆಟ್ಟು ಬಿದ್ದದ್ದು ಅವರಿಗೇ.

2011ರ ಜೂನ್ 21. ಆ ದಿನ ಆಪಲ್ ಕಂಪೆನಿ ಫೈನಲ್ ಕಟ್ ಪ್ರೊ ಎಕ್ಸ್ ಎಂಬ ಹೊಸ ಅವತಾರ ಬಿಟ್ಟಿತು. ಬೆಲೆ 299 ಡಾಲರ್ 99 ಸೆಂಟ್, ಅಂದಿನ ಲೆಕ್ಕದಲ್ಲಿ ಹದಿಮೂರು ಸಾವಿರ ರೂಪಾಯಿ ಚಿಲ್ಲರೆ. ಹಳೆಯದ್ದು ಇಡೀ ಕಟ್ಟಾಗಿ 999 ಡಾಲರಿಗೆ ಸಿಗುತ್ತಿತ್ತು. ಅಗ್ಗವಾಯಿತೆಂದು ಖುಷಿಪಟ್ಟವರು ತೆರೆದು ನೋಡಿದರೆ, ಸಾಲುಗಳೇ ಇಲ್ಲ! ಚಿತ್ರ ಇಲ್ಲಿ, ಧ್ವನಿ ಅಲ್ಲಿ ಎಂಬ ಹಳೆಯ ವ್ಯವಸ್ಥೆಯನ್ನೇ ಕಿತ್ತು ಹಾಕಿದ್ದರು. ನಡುವಿನಿಂದ ಒಂದು ತುಂಡು ತೆಗೆದರೆ ಉಳಿದವು ಅಯಸ್ಕಾಂತ ಎಳೆದ ಹಾಗೆ ಸರ್ರನೆ ಬಂದು ಅಂಟಿಕೊಳ್ಳುತ್ತಿದ್ದವು. ಟೇಪಿಗೆ ಇಳಿಸುವ ಸೌಕರ್ಯ ಕಾಣೆ. ಎರಡು-ಮೂರು ಕ್ಯಾಮೆರಾಗಳನ್ನು ಒಟ್ಟಿಗೆ ಜೋಡಿಸುವ ಮಲ್ಟಿಕ್ಯಾಮ್ ಸಹ ಕಾಣೆ. ಇದು ಸಣ್ಣ ಸಂಗತಿಯಲ್ಲ. ಮಿಯ್ಯಾರು ಕಂಬಳಕ್ಕೆ ಹೋದರೆ ಕೋಣ ಬಿಡುವ ಕಡೆ ಒಂದು ಕ್ಯಾಮೆರಾ, ಮಂಜೊಟ್ಟಿಯಲ್ಲಿ ಒಂದು ಬೇಕೇ ಬೇಕು. ಯಕ್ಷಗಾನಕ್ಕಾದರೆ ಭಾಗವತರ ಮುಖಕ್ಕೆ ಒಂದು, ವೇಷಕ್ಕೆ ಒಂದು. ಧಾರೆಗೂ ಅಷ್ಟೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೇರೆ. ಹಳೆಯ ಫೈನಲ್ ಕಟ್‌ನಲ್ಲಿ ಮಾಡಿಟ್ಟ ಕೆಲಸ ಹೊಸದರಲ್ಲಿ ತೆರೆಯುತ್ತಲೇ ಇರಲಿಲ್ಲ.

ಕಂಪೆನಿಯವರ ಪಕ್ಷವನ್ನೂ ಹೇಳಬೇಕು. ಹಳೆಯದ್ದು 32 ಬಿಟ್‌ನ ಕಟ್ಟೋಣ. ಯಂತ್ರದಲ್ಲಿ ಎಷ್ಟೇ ಮೆಮೊರಿ ತುಂಬಿಸಿ, ಅದಕ್ಕೆ 4 ಜಿ.ಬಿ.ಗಿಂತ ಹೆಚ್ಚು ಮುಟ್ಟಲಿಕ್ಕಾಗದು. ದೊಡ್ಡ ಗೋಡೌನ್ ಕಟ್ಟಿಸಿ ಬಾಗಿಲ ಬಳಿಯ ಒಂದು ಮೂಲೆ ಮಾತ್ರ ಬಳಸಿದ ಹಾಗೆ. ಅಡೋಬಿಯವರು 2010ರಲ್ಲೇ ಪ್ರೀಮಿಯರನ್ನು 64 ಬಿಟ್‌ಗೆ ಏರಿಸಿದ್ದರು. ಆಪಲ್‌ಗೂ ಹೊಸತಾಗಿ ಬರೆಯದೆ ಗತಿಯಿರಲಿಲ್ಲ. ಬರೆಯುವಾಗ ಅಡಿಪಾಯದ ಜತೆ ಅಡುಗೆಮನೆ, ಚಾವಡಿ, ಬಚ್ಚಲು ಎಲ್ಲದರ ಜಾಗವನ್ನೂ ಬದಲಾಯಿಸಿಬಿಟ್ಟರು.

ಆ ಅಯಸ್ಕಾಂತದ ಪದ್ಧತಿ ಕೆಟ್ಟದ್ದೇ? ಈ ಅಂಕಣಕಾರನಿಗೆ ಹಾಗನ್ನಿಸುವುದಿಲ್ಲ. ಹಳೆಯದರಲ್ಲಿ ಮೇಲಿನ ಸಾಲಿನಿಂದ ಸ್ವಲ್ಪ ಕತ್ತರಿಸಿ ಕೆಳಗಿನದ್ದನ್ನು ಮರೆತರೆ ಭಟ್ರ ಬಾಯಿ ಒಂದು ಕಡೆ, ಮಂತ್ರ ಇನ್ನೊಂದು ಕಡೆ. ಹೊಸದರಲ್ಲಿ ಒಂದಕ್ಕೊಂದು ಗಂಟು ಹಾಕಿ ಬಿಡಬಹುದು, ಒಟ್ಟಿಗೇ ಸರಿಯುತ್ತವೆ. ಮಣಿಪಾಲದಲ್ಲಿ ಮಾಧ್ಯಮ ಕಲಿಯಲು ಬರುವ ಮಕ್ಕಳಿಗೆ ಇದು ನೀರು ಕುಡಿದಷ್ಟು ಸುಲಭ. ಅವರ ಕೈಗೆ ಹಳೆಯ ಅಭ್ಯಾಸವೇ ಇಲ್ಲವಲ್ಲ! ಕಷ್ಟವೆಲ್ಲ ಕಲಿತವನಿಗೆ. ನಮ್ಮ ಪತ್ರಿಕಾ ಕಸುಬಿನಲ್ಲೂ ಇದನ್ನು ನೋಡಿದ್ದೇವೆ. ಕಣ್ಣುಮುಚ್ಚಿ ಅಚ್ಚುಮೊಳೆ ಜೋಡಿಸುತ್ತಿದ್ದವರು ಕಂಪ್ಯೂಟರಿನ ಕೀಲಿಮಣೆಯ ಮುಂದೆ ಒಂದೇ ಬೆರಳಿನಲ್ಲಿ 'ಕ' ಹುಡುಕುತ್ತಿದ್ದರು. ಆಗ ನಕ್ಕವರಲ್ಲಿ ನಾನೂ ಒಬ್ಬ. ಈಗ ನಾಚಿಕೆಯಾಗುತ್ತದೆ.

ಗಲಾಟೆ ಲೋಕವೆಲ್ಲ ಆಯಿತು. ಅದೇ 2011ರ ಫೆಬ್ರವರಿಯಲ್ಲಿ ಎಡಿಟಿಂಗಿಗೆ ಆಸ್ಕರ್ ಪಡೆದ 'ದಿ ಸೋಷಿಯಲ್ ನೆಟ್‌ವರ್ಕ್' ಕತ್ತರಿಸಲ್ಪಟ್ಟದ್ದು ಹಳೆಯ ಫೈನಲ್ ಕಟ್‌ನಲ್ಲಿ. ನಾಲ್ಕು ತಿಂಗಳಲ್ಲಿ ಆ ಅಂಗಡಿಗೇ ಬೀಗ ಎಂದರೆ ಯಾರಿಗೆ ಸಿಟ್ಟು ಬಾರದು? ಆಪಲ್ ಸ್ವಲ್ಪ ಬಗ್ಗಿತು. ನಿಲ್ಲಿಸಿದ್ದ ಹಳೆಯ ಕಟ್ಟನ್ನು ಕೆಲವು ಕಾಲ ಪುನಃ ಮಾರಿತು, 2012ರ ಜನವರಿಯಲ್ಲಿ ಮಲ್ಟಿಕ್ಯಾಮ್ ಹಿಂದೆ ತಂದುಕೊಟ್ಟಿತು. ಅಷ್ಟರಲ್ಲಿ ಎಷ್ಟೋ ಮಂದಿ ಪ್ರೀಮಿಯರಿಗೆ ಬಸ್ ಬದಲಾಯಿಸಿ ಆಗಿತ್ತು. ಅಲ್ಲಿ ಹೋದವರಿಗೂ ಸೀಟು ಸಿಕ್ಕಿತೆನ್ನುವ ಹಾಗಿಲ್ಲ. 2013ರ ಮೇ ತಿಂಗಳಲ್ಲಿ ಅಡೋಬಿ, ಇನ್ನು ಮುಂದೆ ಹೊಸದ್ದನ್ನು ಕ್ರಯಕ್ಕೆ ಕೊಡುವುದಿಲ್ಲ, ಬಾಡಿಗೆಗೆ ಮಾತ್ರ ಎಂದಿತು. 2022ರಲ್ಲಿ ಚಿತ್ರ ಒಳತರುವ, ಹೊರಗೆ ಕಳಿಸುವ ಪರದೆಗಳನ್ನೇ ಬದಲಾಯಿಸಿತು. ಕೃಷ್ಣಮಠದ ಪರ್ಯಾಯವೂ ಮೊದಲು ಎರಡು ತಿಂಗಳಿಗೊಮ್ಮೆ ಇದ್ದದ್ದು. ವಾದಿರಾಜರು ಅದನ್ನು ಎರಡು ವರ್ಷ ಮಾಡಿದರು. ಸಾಫ್ಟ್‌ವೇರಿನವರಿಗೂ ಯಾರಾದರೂ ಹೀಗೊಂದು ಕ್ರಮ ಹೇಳಿಕೊಡಬಾರದೇ?

ಬದಲಾಗದೆ ಕೂತವರೂ ಇದ್ದಾರೆ. 2020ರಲ್ಲಿ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಗೆದ್ದ ಕೊರಿಯಾದ 'ಪ್ಯಾರಸೈಟ್' ಇದೆಯಲ್ಲ, ಅದರ ಎಡಿಟರ್ ಕೆಲಸ ಮಾಡಿದ್ದು ಹತ್ತು ವರ್ಷ ಹಳೆಯ ಫೈನಲ್ ಕಟ್ 7ರಲ್ಲೇ! ಕೇಳಿ ನಮ್ಮ ಊರಿನ ಹಳಬರಿಗೆ ಎಷ್ಟು ಸಮಾಧಾನವೋ. ಆದರೆ ಆ ಹಟ ಹಳೆಯ ಯಂತ್ರ ಬದುಕಿರುವ ತನಕ ಮಾತ್ರ. 2019ರಿಂದ ಮ್ಯಾಕ್‌ನ ಹೊಸ ವ್ಯವಸ್ಥೆಗಳಲ್ಲಿ 32 ಬಿಟ್‌ನದ್ದು ಯಾವುದೂ ಓಡುವುದಿಲ್ಲ.

ಇಷ್ಟೆಲ್ಲ ಯಾಕೆ ಕೆದಕಿದೆನೆಂದರೆ, ನಮ್ಮ ಮನೆಯದ್ದೇ ಒಂದು ಕತೆ ಉಂಟು. ಅಕ್ಕನ ಮಗಳ ಮದುವೆ 2009ರ ಡಿಸೆಂಬರಿನಲ್ಲಿ ಕಾರ್ಕಳದ ಹಾಲ್‌ನಲ್ಲಿ ಆಯಿತು. ಧಾರೆಗೆ ಮುಂಚೆ ನಮ್ಮ ಅಮ್ಮ ಶೋಭಾನೆ ಹಾಡಿದ್ದಳು. ಡಿ.ವಿ.ಡಿ.ಯಲ್ಲಿ ಅಮ್ಮನ ತುಟಿ ಅಲ್ಲಾಡುತ್ತದೆ, ಕೇಳುವುದು ಸಿನೆಮಾ ಹಾಡು. ಆಗಿನ ಫ್ಯಾಶನ್ ಹಾಗಿತ್ತು, ನಾವೂ ಮೆಚ್ಚಿಕೊಂಡಿದ್ದೆವು. ಅಮ್ಮ ತೀರಿಹೋದ ಮೇಲೆ, ಮುಂಬಯಿಯಲ್ಲಿರುವ ಮಗಳಿಗೆ ಆ ಸ್ವರ ಬೇಕೆನ್ನಿಸಿತು. ಸಿನೆಮಾ ಹಾಡನ್ನು ತೆಗೆದು ಅಡಿಯ ಧ್ವನಿ ಏರಿಸಿದರಾಯಿತಲ್ಲ, ಐದು ನಿಮಿಷದ ಕೆಲಸ ಎಂದುಕೊಂಡು ಸ್ಟುಡಿಯೋಗೆ ಹೋದೆ.

ಪ್ರಾಜೆಕ್ಟ್ ಫೈಲ್ ಜೋಪಾನವಾಗಿಯೇ ಇತ್ತು. ತೆರೆಯುವ ಯಂತ್ರ ಸತ್ತಿತ್ತು. ಹಳೆಯದನ್ನು ಹೊಸದಕ್ಕೆ ದಾಟಿಸುವ ಉಪಾಯವನ್ನು ಬೇರೆಯವರು 2012ರಲ್ಲೇ ಮಾಡಿದ್ದರಂತೆ. ಆದರೆ ಅದಕ್ಕೂ ಮೊದಲು ಹಳೆಯ ಫೈನಲ್ ಕಟ್‌ನಲ್ಲಿ ತೆರೆದು ಬೇರೆ ರೂಪದಲ್ಲಿ ಹೊರಗೆ ತೆಗೆಯಬೇಕು. ಕೀಲಿ ಉಂಟು, ಬೀಗದ ಒಳಗಡೆ ಉಂಟು! ಮೂಲ ಚಿತ್ರ ಇದ್ದ ಹಾರ್ಡ್ ಡಿಸ್ಕನ್ನು ಎಂದೋ ಅಳಿಸಿ ಬೇರೆ ಮದುವೆ ತುಂಬಿಸಿ ಆಗಿತ್ತು. ಗಂಟೆಗೆ 13 ಜಿ.ಬಿ. ಹಿಡಿಯುತ್ತಿದ್ದ ಕಾಲ, ಅವರನ್ನು ದೂರುವುದಾದರೂ ಹೇಗೆ? ನಾವೂ ಕೇಳಿರಲಿಲ್ಲ.

ಹಾಗಾಗಿ ಮದುವೆ ನಿಶ್ಚಯಿಸಿದವರಿಗೆ ಒಂದು ಮಾತು. ಆಲ್ಬಮ್ಮಿನ ರಟ್ಟು ಯಾವ ಬಣ್ಣ, ಡ್ರೋನ್ ಎಷ್ಟು ಹೊತ್ತು ಹಾರುತ್ತದೆ ಎಂದೆಲ್ಲ ಚರ್ಚೆ ಮಾಡುತ್ತೀರಿ. ಬಾಕಿ ಹಣ ಕೊಡುವ ಮುಂಚೆ, ಕತ್ತರಿಸದ ಮೂಲ ಚಿತ್ರವನ್ನು ನಿಮ್ಮದೇ ಒಂದು ಹಾರ್ಡ್ ಡಿಸ್ಕಿಗೆ ಹಾಕಿಸಿಕೊಳ್ಳಿ. ಎರಡು ಡಿಸ್ಕಿಗೆ ಆದರೆ ಇನ್ನೂ ಒಳ್ಳೆಯದು. ಪ್ರಾಜೆಕ್ಟ್ ಫೈಲ್ ತೆಗೆದುಕೊಂಡು ನಿಮಗೆ ಪ್ರಯೋಜನ ಇಲ್ಲ, ಅದು ಸ್ಟುಡಿಯೋದವರಿಗೇ ನಾಳೆ ತೆರೆದೀತೆಂಬ ಭರವಸೆಯಿಲ್ಲ. ಮೂಲ ಚಿತ್ರವನ್ನು ಯಾವ ಸಾಫ್ಟ್‌ವೇರಿಗೆ ಬೇಕಾದರೂ ಹಾಕಬಹುದು.

ಅಮ್ಮನ ವಿಷಯಕ್ಕೆ ಬಂದರೆ, ಆ ಸ್ಟುಡಿಯೋದ ಯಜಮಾನರು ಕಪಾಟು ಜಾಲಾಡಿ ಬಿಸ್ಕತ್ತಿನ ಡಬ್ಬಿಯಿಂದ ಮದುವೆಯ ಮೂರು ಮಿನಿ ಡಿ.ವಿ. ಟೇಪುಗಳಲ್ಲಿ ಎರಡನ್ನು ಹುಡುಕಿ ಕೊಟ್ಟಿದ್ದಾರೆ. ಒಂದರ ಮೇಲೆ 'ಧಾರೆ' ಎಂದು ಬರೆದದ್ದು ಇನ್ನೂ ಓದಲಿಕ್ಕಾಗುತ್ತದೆ. ಅದನ್ನು ಓಡಿಸುವ ಕ್ಯಾಮೆರಾ ಅವರಲ್ಲಿಲ್ಲ. ಕಾಪುವಿನಲ್ಲಿ ಒಬ್ಬರಲ್ಲಿ ಉಂಟಂತೆ, ಹೆಡ್ ಒರೆಸಿ ನೋಡಬೇಕಂತೆ. ಟೇಪು ಚೀಲದಲ್ಲಿದೆ. ನಾಳೆ ಬೆಳಿಗ್ಗೆಯ ಬಸ್ಸಿಗೆ ಹೊರಟಿದ್ದೇನೆ.