ಹಿಡಿ ಪಕ್ಕದಲ್ಲಿದ್ದರೆ ಕಣ್ಣು ಗುರಿಯಲ್ಲಿ

ಎನ್‌ಸಿಸಿ ಶಿಬಿರಕ್ಕೆ ಹೋಗಿಬಂದ ಮಕ್ಕಳ ಬಾಯಲ್ಲಿ ‘ಕಾಕಿಂಗ್ ಹ್ಯಾಂಡಲ್’ ಎಂಬ ಮಾತನ್ನು ತಂದೆತಾಯಿಗಳು ಕೇಳಿರಬಹುದು. ರೈಫಲ್ಲಿನ ಬೋಲ್ಟನ್ನು ಹಿಂದಕ್ಕೆಳೆಯುವ ಹಿಡಿ ಅದು. ಎಳೆದು ಬಿಟ್ಟರೆ ಬೋಲ್ಟು ಸ್ಪ್ರಿಂಗಿನ ಬಲದಿಂದ ಮುಂದೆ ಚಿಮ್ಮಿ, ಮ್ಯಾಗಜಿನ್‌ನಲ್ಲಿರುವ ತೋಟಾವನ್ನು ತಳ್ಳಿಕೊಂಡು ಹೋಗಿ ಚೇಂಬರಿಗೆ ಸೇರಿಸುತ್ತದೆ. ಸಿಕ್ಕಿಕೊಂಡ ತೋಟಾವನ್ನು ಬಿಡಿಸಲು, ಅಭ್ಯಾಸ ಮುಗಿದ ಮೇಲೆ ರೈಫಲ್ ಖಾಲಿಯಾಗಿದೆಯೇ ಎಂದು ನೋಡಲು ಬೇಕಾದದ್ದೂ ಇದೇ ಹಿಡಿ. ಹೆಬ್ಬೆರಳಿನಷ್ಟಿರುವ ಈ ಭಾಗವನ್ನು ಎಲ್ಲಿ ಜೋಡಿಸಬೇಕು? ಎಪ್ಪತ್ತು ವರ್ಷಗಳಿಂದ ವಿನ್ಯಾಸಕಾರರು ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುತ್ತ ಬಂದಿದ್ದಾರೆ.

ಹಿಂದಕ್ಕೆ ಸರಿದ ಹಿಡಿ

ಅಮೆರಿಕದ ಎಆರ್-15 ಮಾದರಿಯನ್ನೇ ತೆಗೆದುಕೊಳ್ಳಿ. ಅಲ್ಲಿನ ಬಂದೂಕು ಉದ್ಯಮ ಇದನ್ನು ‘ಮಾಡರ್ನ್ ಸ್ಪೋರ್ಟಿಂಗ್ ರೈಫಲ್’ ಎಂದು ಕರೆಯುತ್ತದೆ. ಗುರಿ ಸ್ಪರ್ಧೆಗೂ ಬೇಟೆಗೂ ಬಳಸುವ ಇದೇ ಮಾದರಿ ಅಲ್ಲಿನ ಶಾಲೆಗಳಲ್ಲಿ ನಡೆದ ಹತ್ಯಾಕಾಂಡಗಳಲ್ಲೂ ಬಳಕೆಯಾದದ್ದರಿಂದ ಆ ಹೆಸರಿನ ಬಗ್ಗೆಯೇ ಅಲ್ಲಿ ತೀವ್ರ ವಿವಾದವಿದೆ.

ಇದರ ಮೂಲ ವಿನ್ಯಾಸಕಾರ ಯೂಜೀನ್ ಸ್ಟೋನರ್. 1950ರ ದಶಕದಲ್ಲಿ ಆತ ರೂಪಿಸಿದ ಎಆರ್-10 ರೈಫಲ್ಲಿನಲ್ಲಿ ಹಿಡಿ ಮೇಲ್ಭಾಗದಲ್ಲಿ, ರೈಫಲನ್ನು ಎತ್ತಿಕೊಂಡು ಹೋಗುವ ಹಿಡಿಕೆಯ ಕೆಳಗಿತ್ತು. ಗುಂಡು ಹಾರಿಸುತ್ತ ಹೋದಂತೆ ಅದು ಕೈಯಿಡಲಾಗದಷ್ಟು ಕಾಯುತ್ತಿತ್ತು. ಆದ್ದರಿಂದ ಎಆರ್-15ರಲ್ಲಿ ಅದು ಹಿಂತುದಿಗೆ ಬಂದು, ಇಂಗ್ಲಿಷಿನ ಟಿ ಅಕ್ಷರದ ಆಕಾರ ಪಡೆಯಿತು. ಬಿಸಿಯ ತೊಂದರೆ ತಪ್ಪಿತು. ನಡುಮಧ್ಯದಲ್ಲಿರುವುದರಿಂದ ಎಡಗೈಯವರಿಗೂ ಬಲಗೈಯವರಿಗೂ ಸಮಾನವಾಯಿತು.

ಆದರೆ ಹೊಸ ತೊಂದರೆಯೊಂದು ಹುಟ್ಟಿಕೊಂಡಿತು. ಗುರಿ ನೋಡುವಾಗ ನಮ್ಮ ಕೆನ್ನೆ ಊರುವ ಜಾಗದ ಮೇಲೆಯೇ ಈ ಹಿಡಿ ಹಾದುಬರಬೇಕು. ಹಾಗಾಗಿ ಪ್ರತಿಸಲವೂ ಮುಖ ಎತ್ತಬೇಕು. ರೈಫಲ್ಲಿನ ಮೇಲೆ ದುರ್ಬೀನು ಕೂರಿಸಿದರೆ ಅದರ ಹಿಂಭಾಗ ಹಿಡಿಯ ಮೇಲೆಯೇ ಚಾಚಿಕೊಂಡು ಬೆರಳಿಗೆ ಅಡ್ಡ ಬರುತ್ತದೆ.

ಪಕ್ಕಕ್ಕೆ ಬಂದರೇನು ಲಾಭ?

ಇದಕ್ಕೆ ಪರಿಹಾರವಾಗಿ ಹಲವು ತಯಾರಕರು ಹಿಡಿಯನ್ನು ಪಕ್ಕಕ್ಕೆ, ಸಾಮಾನ್ಯವಾಗಿ ಎಡಬದಿಗೆ ತಂದಿದ್ದಾರೆ. ಮೊದಲ ಲಾಭ ಸ್ಪಷ್ಟ: ಕೆನ್ನೆ ಕದಲುವುದಿಲ್ಲ, ಕಣ್ಣು ಗುರಿ ಬಿಡುವುದಿಲ್ಲ. ಬಲಗೈ ತನ್ನ ಜಾಗದಲ್ಲೇ ಇರುತ್ತದೆ, ಎಡಗೈ ಎಳೆಯುತ್ತದೆ. ಮಲಗಿ ಗುರಿಯಿಡುವವರಿಗಂತೂ ಇದು ದೊಡ್ಡ ಅನುಕೂಲ. ಎರಡನೆಯದು, ಎರಡು ಬೆರಳಿನ ಬದಲು ಇಡೀ ಅಂಗೈಯಿಂದ ಎಳೆಯಬಹುದು. ತೋಟಾ ಬಿಗಿಯಾಗಿ ಕಚ್ಚಿಕೊಂಡಾಗ, ಕೈಗೆ ದಪ್ಪ ಗವಸು ಹಾಕಿದ್ದಾಗ ಇದರ ಬೆಲೆ ತಿಳಿಯುತ್ತದೆ.

ಇದು ಹೊಸ ಶೋಧವೇನಲ್ಲ. ನಮ್ಮ ಇಶಾಪುರದ ಕಾರ್ಖಾನೆಯಲ್ಲಿ ತಯಾರಾದ ಎಸ್‌ಎಲ್‌ಆರ್ ರೈಫಲ್ಲಿನ ಕಾಕಿಂಗ್ ಹ್ಯಾಂಡಲ್ ಇದ್ದದ್ದು ಎಡಗಡೆಯಲ್ಲೇ. ಅದರ ನಂತರ ಬಂದ ಇನ್ಸಾಸ್‌ನಲ್ಲೂ ಅಷ್ಟೇ.

ಹಿಮದ ಮೇಲಿನ ಸಾಕ್ಷಿ

ಕೈಚಲನೆಯ ಬೆಲೆ ಎಷ್ಟೆಂದು ತಿಳಿಯಬೇಕಾದರೆ ಚಳಿಗಾಲದ ಒಲಿಂಪಿಕ್ಸ್‌ನ ಬಯಾಥ್ಲಾನ್ ನೋಡಬೇಕು. ಹಿಮದ ಮೇಲೆ ಸ್ಕೀಯಿಂಗ್ ಮಾಡುತ್ತ ಏದುಸಿರು ಬಿಡುತ್ತ ಬಂದ ಸ್ಪರ್ಧಿ, 50 ಮೀಟರ್ ದೂರದ ಐದು ಗುರಿಗಳಿಗೆ ಹೊಡೆಯಬೇಕು. ಮಲಗಿ ಹೊಡೆಯುವಾಗ ಗುರಿಯ ವ್ಯಾಸ ಕೇವಲ 45 ಮಿಲಿಮೀಟರ್. ಸ್ಪ್ರಿಂಟ್ ಸ್ಪರ್ಧೆಯಲ್ಲಿ ಒಂದು ಗುರಿ ತಪ್ಪಿದರೆ 150 ಮೀಟರಿನ ದಂಡದ ಸುತ್ತು.

ಇಲ್ಲಿ ಸ್ವಯಂಚಾಲಿತ ರೈಫಲ್ಲುಗಳಿಗೆ ಅವಕಾಶವಿಲ್ಲ. ಪ್ರತಿ ಗುಂಡಿಗೂ ಕೈಯಿಂದಲೇ ಬೋಲ್ಟ್ ಎಳೆಯಬೇಕು. ಸಾಮಾನ್ಯ ಬೋಲ್ಟಿಗೆ ಮೇಲೆತ್ತು, ಹಿಂದಕ್ಕೆಳೆ, ಮುಂದಕ್ಕೆ ತಳ್ಳು, ಕೆಳಗಿಳಿಸು ಎಂದು ನಾಲ್ಕು ಚಲನೆ. ಜರ್ಮನಿಯ ಪೀಟರ್ ಫೋರ್ಟ್ನರ್ ರೂಪಿಸಿದ ಬೋಲ್ಟಿಗೆ ಎರಡೇ ಸಾಕು. ಪಕ್ಕದಲ್ಲಿರುವ ಹಿಡಿಯನ್ನು ತೋರುಬೆರಳು ಹಿಂದಕ್ಕೆಳೆಯುತ್ತದೆ, ಹೆಬ್ಬೆರಳು ಮುಂದಕ್ಕೆ ತಳ್ಳುತ್ತದೆ. ಕೆನ್ನೆ ಅಲ್ಲೇ, ಕಣ್ಣು ಅಲ್ಲೇ. ಈ ಆಟದಲ್ಲಿ ಇಂದು ಇಂಥ ಬೋಲ್ಟುಗಳದ್ದೇ ಮೇಲುಗೈ.

ಅನನುಕೂಲವೂ ಉಂಟು

ಯಂತ್ರಶಾಸ್ತ್ರದಲ್ಲಿ ಪುಕ್ಕಟೆಯಾಗಿ ಯಾವುದೂ ಸಿಗುವುದಿಲ್ಲ. ಎಡಬದಿಯ ಹಿಡಿ ಎಡಗೈ ರೂಢಿಯ ಮಗುವಿಗೆ ತೊಡಕೇ ಸರಿ. ಅದು ಬಲಬದಿಯ ಹಿಡಿಯನ್ನೇ ಹುಡುಕಬೇಕಾಗುತ್ತದೆ. ಹಿಡಿ ಓಡಾಡಲು ಪಕ್ಕದಲ್ಲಿ ಸೀಳುಗಂಡಿ ಬೇಕು; ಅದರ ಮೂಲಕ ಧೂಳು ಒಳಹೋಗಬಹುದು. ನಡುಗೆರೆಯಿಂದ ದೂರವಿರುವ ಜಾಗದಲ್ಲಿ ಎಳೆದಾಗ ಬೋಲ್ಟ್ ತುಸು ಓರೆಯಾಗಿ ಉಜ್ಜುತ್ತದೆ. ಮೇಜಿನ ಖಾನೆಯನ್ನು ಒಂದೇ ತುದಿ ಹಿಡಿದು ಎಳೆದರೆ ಹೇಗೋ ಹಾಗೆ. ಹಿಡಿಯನ್ನು ಬೋಲ್ಟಿಗೇ ಬಿಗಿದಿದ್ದರೆ, ಗುಂಡು ಹಾರಿದಾಗ ಅದೂ ರಭಸದಿಂದ ಹಿಂದೆ ಮುಂದೆ ಓಡುತ್ತದೆ. ಅಡ್ಡ ಬಂದ ಬೆರಳಿಗೆ ಪೆಟ್ಟು ಖಂಡಿತ.

ಆದರೆ ಬೋಲ್ಟಿಗೆ ಬಿಗಿದ ಹಿಡಿಯಿಂದ ಒಂದು ಉಪಕಾರವೂ ಇದೆ. ಎಆರ್-15ರ ಹಿಂಬದಿಯ ಹಿಡಿ, ಬೋಲ್ಟ್ ತೆರೆದು ನಿಂತಿದ್ದರೂ ಮುಚ್ಚಿದ್ದರೂ ತನ್ನ ಜಾಗದಲ್ಲೇ ಕುಳಿತಿರುತ್ತದೆ. ಅದನ್ನು ನೋಡಿ ಏನೂ ತಿಳಿಯುವುದಿಲ್ಲ. ಬೋಲ್ಟಿಗೆ ಬಿಗಿದ ಪಕ್ಕದ ಹಿಡಿಯಾದರೋ, ಬೋಲ್ಟ್ ಎಲ್ಲಿದೆಯೆಂಬುದನ್ನು ಪಕ್ಕದಲ್ಲಿ ನಿಂತ ತರಬೇತುದಾರನಿಗೂ ತೋರಿಸುತ್ತದೆ. ಹಾಗೆಂದು ಅಷ್ಟಕ್ಕೇ ನಂಬಿ ಬಿಡುವಂತಿಲ್ಲ. ಬೋಲ್ಟ್ ತೆರೆದು ಚೇಂಬರಿನೊಳಗೆ ಕಣ್ಣಾರೆ ನೋಡಿದ ಮೇಲೆಯೇ ರೈಫಲ್ ಖಾಲಿ ಎನ್ನಬೇಕು. ಮಕ್ಕಳನ್ನು ಶೂಟಿಂಗ್ ತರಬೇತಿಗೆ ಸೇರಿಸುವ ತಂದೆತಾಯಿಗಳು ಪದಕಗಳ ಬಗ್ಗೆ ವಿಚಾರಿಸುವುದಕ್ಕೆ ಮೊದಲು, ಅಲ್ಲಿ ಈ ಪಾಠವನ್ನು ಎಷ್ಟು ಕಟ್ಟುನಿಟ್ಟಾಗಿ ಕಲಿಸುತ್ತಾರೆ ಎಂದು ನೋಡುವುದು ಒಳ್ಳೆಯದು. ಹಿಡಿ ಎಡಕ್ಕಿರಲಿ, ಬಲಕ್ಕಿರಲಿ, ಹಿಂದಿರಲಿ, ಅದರ ಮೊದಲ ಕೆಲಸ ಅದೇ.